ಮೊದಲು ಗುಂಡಿ, ಆಮೇಲೆ ಕಾಲು

ಆ ಭಾನುವಾರ ಬಂದರಿನ ಹಳೆಯ ಗೋದಾಮೊಂದರ ಹಂಚುಗಳನ್ನು ತುಂಬಿಸಿಕೊಂಡು ನಾನೂ ನನ್ನ ಗಂಡನೂ ಬಜಪೆಗೆ ಹೊರಟಿದ್ದೆವು. ಲಾರಿ ಮಾವನ ಕಾಲದ್ದು, ಉದ್ದ ಮೂಗಿನದು. ಅದನ್ನು ಈಗ ಯಾರೂ ಬಾಡಿಗೆಗೆ ಕರೆಯುವುದಿಲ್ಲ. ಗುರುತಿನವರ ಇಂಥ ಕೆಲಸಕ್ಕೆ ಮಾತ್ರ ಹೊರಗೆ ತೆಗೆಯುತ್ತಿದ್ದೆವು. ಏರು ಶುರುವಾದದ್ದೇ ಹಿಂದಿನ ಬಸ್ಸು ಹಾರ್ನ್ ಹೊಡೆಯತೊಡಗಿತು.

"ಘಾಟಿ," ಎಂದರು ಇವರು.

ಗೇರಿನ ಕೋಲಿನ ಮೇಲಿದ್ದ ಕೆಂಪು ಗುಂಡಿಯನ್ನು ನಾನು ಕೆಳಕ್ಕೆ ಒತ್ತಿದೆ. ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದು ಮತ್ತೆ ಇಟ್ಟರು. ಹಂಚಿನ ರಾಶಿಯ ಅಡಿಯಲ್ಲೆಲ್ಲೋ ಟಕ್ ಎಂದಿತು. ಲಾರಿ ಮೆಲ್ಲನೆ, ಗಟ್ಟಿಯಾಗಿ ಏರತೊಡಗಿತು.

"ಆ ಬಸ್ಸಿನವನಿಗೆ ಎಂತ ಅರ್ಜೆಂಟ್ ಮಾರಾಯ್ತಿ? ಬಜಪೆಯ ವಿಮಾನ ಬಿಡುವುದು ಅವನೇಯಾ?"

"ನೀವು ಮುಂದೆ ನೋಡಿ," ಎಂದೆ.

ಹಿಂದಿನ ಆಕ್ಸಲ್‌ನೊಳಗೇ ಎರಡು ವೇಗ ಇರುವ ಲಾರಿ ಎಂದರೆ ಈಗ ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ಗೇರ್ ಬಾಕ್ಸಿನ ಗೇರುಗಳು ಬೇರೆ. ಅವು ಸಾಲದೆ ಬಂದಲ್ಲಿ ಗುಂಡಿ ಒತ್ತಿದರೆ ಆಕ್ಸಲ್ ನಿಧಾನದ, ಬಲದ ಹಲ್ಲಿಗೆ ಇಳಿಯುತ್ತದೆ. ಮೇಲೆಳೆದರೆ ಓಟದ ಹಲ್ಲಿಗೆ ಬರುತ್ತದೆ. ನಮ್ಮಿಬ್ಬರ ಭಾಷೆಯಲ್ಲಿ ಒಂದು ಘಾಟಿ, ಇನ್ನೊಂದು ಪೇಟೆ. ಜ್ಯಾಕ್ ಜಾರಿ ಇವರ ಎಡಗೈ ಬೆರಳುಗಳು ಜಜ್ಜಿಹೋದ ಮೇಲೆ ಗೇರು ಹಾಕಲು ಆಗುತ್ತಿತ್ತು, ಗುಂಡಿ ಹಿಡಿಯಲು ಆಗುತ್ತಿರಲಿಲ್ಲ. ಹಾಗೆ ಗುಂಡಿ ನನ್ನದಾಯಿತು, ಕಾಲು ಅವರದು.

ಮೊದಲು ಗುಂಡಿ, ಆಮೇಲೆ ಕಾಲು. ಇಳಿಜಾರಿನಲ್ಲಿ ಗುಂಡಿ ಮುಟ್ಟಲೇಬಾರದು. ಎರಡು ಹಲ್ಲುಗಳ ನಡುವೆ ನಿಂತುಬಿಟ್ಟರೆ ಎಂಜಿನ್ ಸುಮ್ಮನೆ ಕೂಗುತ್ತದೆ, ಗಾಲಿ ತಿರುಗುವುದಿಲ್ಲ. ಆಗ ಆಕ್ಸಿಲರೇಟರನ್ನು ಹಗುರಾಗಿ ಒತ್ತಿ ಬಿಟ್ಟು ಮಾಡಿದರೆ ಹಲ್ಲು ತಾನಾಗಿ ಕೂರುತ್ತದೆ. ಇಷ್ಟೇ ವಿದ್ಯೆ. ರಿಪೇರಿಯೂ ದೊಡ್ಡದಿರಲಿಲ್ಲ. ಹಲ್ಲು ಬದಲಿಸುವ ಸಣ್ಣ ಮೋಟಾರು ಆಕ್ಸಲ್ ಮೇಲೆ ಕೂತಿತ್ತು. ಕಡಲ ಗಾಳಿಗೆ ಅದರ ವಯರಿನ ತುದಿ ಹಸಿರುಗಟ್ಟುತ್ತಿತ್ತು. ಇವರು ಅಡಿಯಲ್ಲಿ ಮಲಗಿ ಅದನ್ನು ಉಜ್ಜುವರು. ನಾನು ಮೇಲೆ ಕೂತು, ಹೇಳಿದಾಗ ಗುಂಡಿ ಒತ್ತಬೇಕು. ಸ್ವಲ್ಪ ತಡವಾದರೆ, "ಒತ್ತು ಅಂದದ್ದು, ಜಪ ಮಾಡು ಅಂದದ್ದಲ್ಲ," ಎಂದು ಅಡಿಯಿಂದ ಕೂಗು ಬರುತ್ತಿತ್ತು.

ಬಜಪೆಯಿಂದ ಬಂದು ಲಾರಿಯನ್ನು ಅಂಗಳದಲ್ಲಿ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ಉತ್ತರಕ್ರಿಯೆಗೆ ಅಂಗಳದಲ್ಲಿ ಚಪ್ಪರ ಹಾಕಬೇಕಿತ್ತು, ಲಾರಿ ಅಡ್ಡವಾಗಿತ್ತು. ಅದನ್ನು ತೆಗೆಯಲು ಇವರ ತಮ್ಮ ಒಬ್ಬ ಮೆಕ್ಯಾನಿಕನನ್ನು ಕರೆತಂದ. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಮೆಕ್ಯಾನಿಕ್ ಕೀ ತಿರುಗಿಸಿ, ನಿಂತ ಲಾರಿಯಲ್ಲೇ ಆ ಗುಂಡಿಯನ್ನು ಮೇಲೆ ಕೆಳಗೆ ಆಡಿಸಿದ, ಆಟದ ಸಾಮಾನಿನ ಹಾಗೆ. ಆಮೇಲೆ ಗೇರು ಹಾಕಿ ಕ್ಲಚ್ ಬಿಟ್ಟ. ಎಂಜಿನ್ ಕೂಗಿತು. ಲಾರಿ ಅಲುಗಲಿಲ್ಲ.

"ಆಕ್ಸಲ್ ಕಟ್ಟಾಗಿದೆ," ಎಂದ.

ನಾನು ಹೊರಗೆ ಬಂದೆ. "ಕಟ್ಟಾದದ್ದಲ್ಲ. ನಡುವೆ ನಿಂತಿದೆ, ಅಷ್ಟೆ. ಆಕ್ಸಿಲರೇಟರ್ ಮೆಲ್ಲ ಒತ್ತಿ, ಬಿಡಿ, ಪುನಃ ಒತ್ತಿ."

ಅವನು ನನ್ನನ್ನು ನೋಡದೆ ಇವರ ತಮ್ಮನನ್ನು ನೋಡಿದ. "ಅಕ್ಕ ಡ್ರೈವರಾ?"

"ಅತ್ತಿಗೆ, ನೀವು ಒಳಗೆ ಹೋಗಿ. ಈ ಹೊತ್ತಿನಲ್ಲಿ ನಿಮಗೆ ಲಾರಿದು ಎಂತ?"

"ಒಮ್ಮೆ ಮಾಡಿ ನೋಡಲಿಕ್ಕೆ ಎಂತ ಕಷ್ಟ ಉಂಟು?" ಎಂದೆ. ಅಷ್ಟರಲ್ಲಿ ಇಬ್ಬರು ಹೆಂಗಸರು ಬಂದು ನನ್ನ ತೋಳು ಹಿಡಿದು ಒಳಗೆ ಕರೆದೊಯ್ದರು. ಪಾಪ, ತಲೆ ಸರಿ ಇಲ್ಲ ಈಗ, ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನಗೆ ಕೇಳಿಸಿತು.

ನನ್ನ ತಲೆ ಸರಿಯಾಗಿಯೇ ಇತ್ತು. ಇವರು ಕೊನೆಗೆ ಎಂತ ತಿಂದರು, ಕೊನೆಗೆ ಎಂತ ಹೇಳಿದರು ಎಂದು ಬಂದವರೆಲ್ಲ ಕೇಳಿದರು. ನಾನು ಹೇಳಿದೆ, ಎಲ್ಲರೂ ನಂಬಿದರು. ಆಕ್ಸಿಲರೇಟರ್ ಒತ್ತಿ ಬಿಡಿ ಎಂದದ್ದನ್ನು ಮಾತ್ರ ಯಾರೂ ನಂಬಲಿಲ್ಲ. ಗಂಡ ಸತ್ತವಳು ಅಳಬೇಕು; ಆಕ್ಸಲ್ ವಿಷಯ ಮಾತಾಡಬಾರದು. ಇದನ್ನು ಯಾರು ನಿಶ್ಚಯ ಮಾಡಿದ್ದು? ಲಾರಿಯನ್ನು ಕ್ರೇನಿಗೆ ಕಟ್ಟಿ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಅಂಗಳದಲ್ಲಿ ಎಣ್ಣೆಯ ಕಲೆ ಉಳಿದಿತ್ತು. ಅದರ ಮೇಲೆ ಮಣ್ಣು ಹಾಕಿ ಕುರ್ಚಿ ಇಟ್ಟರು.

ಕ್ರಿಯೆ ಮುಗಿದು ಕೆಲವು ವಾರ ಕಳೆದ ಮೇಲೆ ಲಾರಿ ಮನೆಗೆ ಬಂತು. ತೊಳೆದು, ಬಣ್ಣ ಬಳಿದು, ಮುಂಭಾಗಕ್ಕೆ ಮಲ್ಲಿಗೆ ಮಾಲೆ ಹಾಕಿದ್ದರು. ಇವರ ತಮ್ಮನ ಮುಖದಲ್ಲಿ ಸಂತೋಷ.

"ರಿಪೇರಿ ಮಾಡಿಸಿದ್ದೇನೆ ಅತ್ತಿಗೆ. ಈಗ ಯಾರು ಬೇಕಾದರೂ ಓಡಿಸಬಹುದು."

ನಾನು ಹತ್ತಿ ಕೂತೆ, ನನ್ನ ಬದಿಯಲ್ಲೇ. ಕೀ ತಿರುಗಿಸಿ ಗುಂಡಿ ಒತ್ತಿದೆ. ಮೋಟಾರಿನ ಕಿರ್ ಎಂಬ ಸದ್ದು ಬರಲಿಲ್ಲ. ಇಳಿದು ಬಗ್ಗಿ ನೋಡಿದೆ. ಅಡಿಯಲ್ಲಿ ಬೇರೆ ಯಾವುದೋ ಲಾರಿಯ ಸಾದಾ ಆಕ್ಸಲ್. ಗುಂಡಿಯಿಂದ ಬಂದ ವಯರನ್ನು ಅರ್ಧದಲ್ಲಿ ಕತ್ತರಿಸಿ ಟೇಪು ಸುತ್ತಿದ್ದರು.

"ನಮ್ಮದು ಎಲ್ಲಿ?"

"ಆ ಎರಡು ಹಲ್ಲಿನದ್ದಾ? ಗುಜರಿಗೆ ಕೊಟ್ಟರು ಗ್ಯಾರೇಜಿನವರು. ಅಣ್ಣನೇ ಇಲ್ಲ, ಇನ್ನು ಅದು ಎಂತಕ್ಕೆ?"

ಅಣ್ಣ ಇಲ್ಲ, ನಿಜ. ಗುಂಡಿಯವಳು ಇದ್ದೇನಲ್ಲ? ಅದನ್ನು ಹೇಳಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ರಿಪೇರಿ ಎಂಬ ಮಾತನ್ನು ಇವತ್ತಿಗೂ ಒಪ್ಪುವುದಿಲ್ಲ. ಹಾಳಾಗದೆ ಇದ್ದದ್ದನ್ನು ಕಿತ್ತು ಬಿಸಾಡುವುದಕ್ಕೆ ರಿಪೇರಿ ಎನ್ನುವುದಿಲ್ಲ.

ಗ್ಯಾರೇಜಿನವರಲ್ಲಿ ಕೇಳಿಕೊಂಡು ಉಳ್ಳಾಲದ ಕಡೆಯ ಗುಜರಿ ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯವರು, ಕೂರಿಸಿ ಚಾ ಕೊಟ್ಟರು.

"ಗ್ಯಾಸಿನಲ್ಲಿ ಕತ್ತರಿಸಿ ಲೋಡು ಹೋಯಿತು ಅಕ್ಕ. ಒಳ್ಳೆ ಕಬ್ಬಿಣ. ಒಳಗಿನ ಹಲ್ಲು ಒಂದೂ ಸವೆದಿರಲಿಲ್ಲ." ಆಮೇಲೆ ಕೇಳಿದರು: "ಹಾಳಾಗದ್ದನ್ನು ಎಂತಕ್ಕೆ ಕೊಟ್ಟದ್ದು ನೀವು?"

ನಾನು ಕೊಟ್ಟದ್ದಲ್ಲ ಎಂದೆ.

ಆಮೇಲೂ ಹುಡುಕಿದೆ. ಬೈಕಂಪಾಡಿಯ ಗ್ಯಾರೇಜುಗಳಲ್ಲಿ ಕೇಳಿದೆ, ಹಳೆಯ ಲಾರಿಗಳಿದ್ದ ಮನೆಗಳಿಗೆ ಹೋಗಿ ಕೇಳಿದೆ. ಅಂಥ ಲಾರಿಯ ನೆನಪು ಕೆಲವರಿಗೆ ಇತ್ತು, ಸಾಮಾನು ಯಾರಲ್ಲೂ ಇರಲಿಲ್ಲ. ಲಾರಿ ಅಂಗಳದಲ್ಲೇ ಇದೆ. ಟೇಪು ಬಿಡಿಸಿ ವಯರಿನ ತುದಿಯನ್ನು ನಾನೇ ಉಜ್ಜಿ ಇಟ್ಟಿದ್ದೇನೆ. ಎರಡು ವೇಗದ ಆಕ್ಸಲ್ ಇನ್ನೂ ಸಿಕ್ಕಿಲ್ಲ.