ತಾರವ್ವನ ತಖ್ತೆ ಮತ್ತು ಸಪ್ಪಳವಿಲ್ಲದ ಯಂತ್ರ

ಬೆಳಕಿನ್ನೂ ಪೂರ್ತಿ ಹರಿದಿಲ್ಲ, ಬನಹಟ್ಟಿಯ ಪವರ್‌ಲೂಮುಗಳು ಆಗಲೇ ಖಟಖಟ ಹಚ್ಚಿವೆ. ನೇಕಾರರ ಸಂಘದ ಬಾಗಿಲು ತೆಗೆದ ತಾರವ್ವ ಕಂಪ್ಯೂಟರಿನ ಮುಸುಕು ಸರಿಸಿ, ಒಂದೆರಡು ಗುಂಡಿ ಒತ್ತಿ, ಥಟ್ಟನೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂರುತ್ತಾರೆ. ಚಳಿಗಲ್ಲ, ಇದು ಸುಡು ಬೇಸಿಗೆ. "ಈ ಕೈ ನಂಬಾಕ ಬರೂದಿಲ್ರಿ. ಒಮ್ಮೆ ಮೋಸಾ ಮಾಡೇತಿ," ಎಂದು ನಗುತ್ತಾರೆ.

ತಾರವ್ವ ಇಪ್ಪತ್ತು ವರ್ಷದಿಂದ ಇಲ್ಲಿ ಗುಮಾಸ್ತೆ. ಗಂಡ ತೀರಿಕೊಂಡಾಗ ಮನೆಯ ಮಗ್ಗ ಮಾರಿ, ಕೆಲಕಾಲ ಕಂಡವರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಿ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಒಂದೇ ಧೈರ್ಯದ ಮೇಲೆ ಸಂಘಕ್ಕೆ ಬಂದವರು. ಎಂಟುನೂರು ಮನೆಗಳಿಗೆ ಹೋದ ನೂಲು, ಅಲ್ಲಿಂದ ಬಂದ ಸೀರೆ, ಬರಬೇಕಾದ ಬಾಕಿ ಎಲ್ಲವೂ ಇವರ ಒಂದೇ ತಖ್ತೆಯಲ್ಲಿ, ಅಂದರೆ ಮನೆಗೊಂದು ಸಾಲಿನ ಲೆಕ್ಕದ ಪಟ್ಟಿಯಲ್ಲಿ. ಕಾಗದದ ಕಾಲದಲ್ಲಿ ಅದು ಗೋಡೆಯಿಂದ ಗೋಡೆಗೆ ಹರಡಿಕೊಳ್ಳುತ್ತಿತ್ತು. ಹಾಳೆಗೆ ಹಾಳೆ ಅಂಟಿಸಲು ನೂಲಿಗೆ ಹಚ್ಚುವ ಗಂಜಿಯನ್ನೇ ಬಳಸುತ್ತಿದ್ದರು. ಗಂಜಿಯೆಂದರೆ ಇಲಿಗಳಿಗೆ ಹಬ್ಬ. "ನೇಕಾರ ಕರೆಪ್ಪನ ಸೀರಿ ಲೆಕ್ಕಾನ ಇಲಿ ಹೊಟ್ಟ್ಯಾಗ ಹೋತ್ರಿ. ಪುಣ್ಯಾಕ ನನಗ ನೆನಪಿತ್ತು!"

ವಾರಕ್ಕೊಮ್ಮೆ ತಖ್ತೆ ತಾಳೆಯಾಗಬೇಕು. ಅಲ್ಲಿಯವರೆಗೆ ಯಾರಿಗೂ ನೂಲಿಲ್ಲ; ನೂಲಿಲ್ಲದೆ ಮಗ್ಗ ನಡೆಯುವುದಿಲ್ಲ. ಚಿಮ್ಮಡದಿಂದ ಮೊದಲ ಬಸ್ಸಿಗೆ ನೂಲಿಗಾಗಿ ಬರುವ ನೇಕಾರಳು ಮುತ್ತವ್ವ ಎಷ್ಟೋ ಸಲ ಸಂಘದ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು, ಬರಿಗೈಲಿ ತಿರುಗಿ ಹೋದದ್ದುಂಟು. ಆ ಮುಖ ನೋಡಲಾಗದೆ ತಾರವ್ವ ಊಟ ಬಿಟ್ಟು ಲೆಕ್ಕ ಕೂಡಿಸಿದ್ದೂ ಉಂಟು.

ಕಳೆದ ವರ್ಷ ಸಂಘ ಕಂಪ್ಯೂಟರ್ ಕೊಳ್ಳಲು ಮನಸ್ಸು ಮಾಡಿತು. ಒಮ್ಮೆ ಕೊಂಡರೆ ಮುಗಿಯಿತು, ಇನ್ನೊಂದಕ್ಕೆ ದಾರಿಯಿಲ್ಲ. ತಪ್ಪಾದದ್ದನ್ನು ಆರಿಸಿದರೆ ಮುತ್ತವ್ವನಿಗೆ ಆ ಕಟ್ಟೆಯೇ ಗತಿ. ಮಾರಾಟಗಾರ ತುಕಾರಾಮ ಪರೀಕ್ಷೆಗೆಂದು ಎರಡು ಯಂತ್ರ ತಂದಿಟ್ಟ. ಒಂದಕ್ಕೆ ಬಣ್ಣದ ಪರದೆ. ಇನ್ನೊಂದಕ್ಕೆ ಕಪ್ಪು-ಬಿಳುಪು ಪರದೆ, ಆದರೆ ಒಳಗೆ ಲೆಕ್ಕದ ಶಕ್ತಿ ಹೆಚ್ಚು ಎಂದ. ಅಧ್ಯಕ್ಷ ಶಿದ್ರಾಮಪ್ಪನವರ ಕಣ್ಣು ಬಣ್ಣದ್ದರ ಮೇಲೆ. "ಸೀರಿ ದಡಿ ಬಣ್ಣಾನೂ ಕಾಣತೈತಿ ನೋಡವಾ," ಎಂದರಂತೆ. ಕೂತು ದುಡಿಯುವವರು ತಾರವ್ವ, ಆದ್ದರಿಂದ ಕೊನೆಯ ಮಾತೂ ಅವರದೇ ಎಂದಾಯಿತು.

ತಾರವ್ವ ಬಣ್ಣದ ಯಂತ್ರಕ್ಕೆ ಇಡೀ ತಖ್ತೆಯನ್ನೇ ತುಂಬಿದರು. ಯಂತ್ರ ಬಂದ್ ಮಾಡದೆ ಒಂದು ವಾರ ಬೆರಳು ಬಾತುಕೊಳ್ಳುವಷ್ಟು ಒತ್ತಿದ್ದಾಯಿತು. ಕೊನೆಗೆ ಕೂಡಿಸು ಎಂದು ಆಜ್ಞೆ ಕೊಟ್ಟರು. ಪರದೆ ಕದಲಲಿಲ್ಲ. ಸಪ್ಪಳವಿಲ್ಲ, ಸುದ್ದಿಯಿಲ್ಲ. ಈ ಊರಲ್ಲಿ ಮಗ್ಗ ಸಿಕ್ಕಿಕೊಂಡು ಸಪ್ಪಳ ನಿಂತರೆ ಮೊದಲು ಸ್ವಿಚ್ ಬಂದ್ ಮಾಡಬೇಕು, ಇಲ್ಲದಿದ್ದರೆ ಮೋಟಾರು ಸುಟ್ಟೀತು. ಇದು ಮಕ್ಕಳಿಗೂ ಗೊತ್ತು. ತಾರವ್ವನ ಕೈ ತಾನಾಗಿ ಗೋಡೆಯ ಸ್ವಿಚ್ಚಿಗೆ ಹೋಯಿತು. ಟಪ್! ಉಳಿಸಿಡದ ಲೆಕ್ಕವೆಲ್ಲ ನೀರುಪಾಲು. ಅಯ್ಯೋ ಶಿವನೇ, ಆ ದಿನ ಅವರು ಅತ್ತದ್ದನ್ನು ಕಟ್ಟೆಯ ಮೇಲಿದ್ದವರೆಲ್ಲ ಕೇಳಿದ್ದಾರೆ. ಸಿಟ್ಟಿನಲ್ಲಿ ಆಡಳಿತ ಮಂಡಳಿಗೆ ಹೇಳಿಯೂ ಬಿಟ್ಟರು: "ಇದು ಕೆಟ್ಟ ಮಿಶಿನ್ ಐತ್ರಿ. ವಾಪಸ್ ಕಳಸ್ರಿ."

ಎರಡನೆಯದಕ್ಕೂ ತುಂಬಿದರು, ಈ ಸಲ ಉಳಿಸುತ್ತಾ ಹೋದರು. ಕೂಡಿಸು ಎಂದಾಗ ಅದೂ ಮೌನ. ಮತ್ತೆ ಕೈ ತುಡಿಯಿತು. ಕಟ್ಟೆಯ ಮೇಲಿದ್ದ ಮುತ್ತವ್ವನನ್ನು ಕೂಗಿ ಕರೆದರು. "ಮುತ್ತಕ್ಕಾ, ನನ್ನ ಕೈ ಹಿಡಕೊ. ಏನಾದ್ರೂ ಬಿಡಬ್ಯಾಡ!" ಮುತ್ತವ್ವ ಗಟ್ಟಿಯಾಗಿ ಹಿಡಿದು ಕೂತರು. ಚಹಾ ಬಂತು. ಕುಡಿದು ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಮೊತ್ತ ಮೂಡಿತು, ತಾಳೆಯೂ ಆಯಿತು.

ಎಲ್ಲರೂ ಕುಣಿದಾಡಿದರು. ತಾರವ್ವ ಮಾತ್ರ ಸಪ್ಪಗಾದರು. ಹಾಗಾದರೆ ಮೊದಲನೆಯದೂ ದುಡಿಯುತ್ತಲೇ ಇತ್ತಲ್ಲ? ನೇರ ಅಧ್ಯಕ್ಷರ ಬಳಿ ಹೋದರು. "ತಪ್ಪು ಮಿಶಿನ್‌ದಲ್ರಿ, ನನ್ನ ಕೈದು. ಅದನ್ನ ಇನ್ನೊಮ್ಮೆ ನೋಡೂನ್ರಿ." ಶಿದ್ರಾಮಪ್ಪ ಹಣೆ ಚಚ್ಚಿಕೊಂಡರು. "ಛಲೋದು ಸಿಕ್ಕತಲ್ಲವಾ, ಮತ್ಯಾಕ ಆ ಉಸಾಬರಿ?" ತಾರವ್ವ ಕೇಳಲಿಲ್ಲ. ಇನ್ನೊಂದು ವಾರ ಬೆರಳು ಸವೆಸಿದರು. ಮುತ್ತವ್ವ ಮತ್ತೆ ಕೈ ಹಿಡಿದರು. ಬಣ್ಣದ ಯಂತ್ರವೂ ಸರಿಯಾದ ಮೊತ್ತವನ್ನೇ ಕೊಟ್ಟಿತು, ಆದರೆ ಮಧ್ಯಾಹ್ನದ ರೊಟ್ಟಿ ಊಟ ಮುಗಿದ ಮೇಲೆ. ಕಪ್ಪು-ಬಿಳುಪಿನದು ಸಂಘಕ್ಕೆ ಉಳಿಯಿತು. "ಕೆಟ್ಟದ್ದಲ್ಲ, ನಮ್ಮ ತಖ್ತೆಗೆ ಸಾಲದು, ಅಷ್ಟೆ" ಎಂಬ ತಾರವ್ವನ ಮಾತಿನ ಮೇಲೆ ಬಣ್ಣದ್ದನ್ನು ರಬಕವಿಯ ಬಟ್ಟೆ ಅಂಗಡಿಯವರು ಕೊಂಡರು. ತುಕಾರಾಮ ಈಗ ಈ ಕಡೆ ಬಂದಾಗಲೆಲ್ಲ "ಅಕ್ಕಾರ, ಹೆಂಗದೀರಿ?" ಎನ್ನದೆ ಮುಂದೆ ಹೋಗುವುದಿಲ್ಲ.

ಮಾತಾಡುತ್ತಿರುವಾಗಲೇ ಪರದೆಯ ಮೇಲೆ ಈ ವಾರದ ಮೊತ್ತ ಬಂದಿದೆ. ಮುತ್ತವ್ವ ನೂಲಿನ ಗಂಟು ಹೊತ್ತು ಊರಿಗೆ ಮರಳುವ ಬಸ್ಸಿಗೆ ಆಗಲೇ ಹೊರಟಿದ್ದಾರೆ. ಇನ್ನೇನಾದರೂ ಆಸೆಯುಂಟೇ ಎಂದರೆ ತಾರವ್ವ ಸೆರಗಿನಿಂದ ಕೈ ಹೊರತೆಗೆಯುತ್ತಾರೆ.

"ಇದನ್ನ ಮಾಡಿದವರಿಗೆ ಒಂದ ಮಾತ ಹೇಳ್ರಿ. ಲೆಕ್ಕಾ ಮಾಡೂಮುಂದ ಸಣ್ಣಾಗಿ ಒಂದ ಸಪ್ಪಳಾ ಬರೂಹಂಗ ಮಾಡ್ರಿ ಅಂತ. ಇಲ್ಲಾಂದ್ರ ನನ್ನಂಥವರು ಯಾರರೆ ಬಂದ್ ಮಾಡಿಬಿಡತಾರ." ಮುಸುಕಿನ ಧೂಳು ಕೊಡವುತ್ತಾ ಮತ್ತೆ ನಗುತ್ತಾರೆ. "ನಂದೂ ಇಪ್ಪತ್ತ ವರ್ಷ ಸಪ್ಪಳಿಲ್ಲದ ಕೆಲಸಾನ ನೋಡ್ರಿ. ಪುಣ್ಯಾಕ ನನ್ನ ಸ್ವಿಚ್‌ಗೆ ಯಾರೂ ಕೈ ಹಾಕಲಿಲ್ಲ."