ಉಸಿರುಗಟ್ಟಿದ ಕಾರು ಮತ್ತು ಗ್ಯಾರೇಜಿನ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೇಲ್ಸೇತುವೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದು ಬಿಳಿ ಕಾರು ಬಾಯಿ ತೆರೆದುಕೊಂಡು ನಿಂತಿದೆ. ಬಾನೆಟ್ಟಿನೊಳಗೆ ಸೊಂಟದವರೆಗೆ ಬಗ್ಗಿರುವವರನ್ನು ಈ ಬೀದಿಯವರೆಲ್ಲ ಕರೆಯುವುದು ‘ಗ್ಯಾರೇಜ್ ಅಕ್ಕ’ ಎಂದೇ. ಅವರ ಬಗ್ಗೆ ಬರೆಯಲೆಂದು ಬಂದ ನಾನು ನಮಸ್ಕಾರ ಅನ್ನುತ್ತೇನೆ. “ಬೆಳಕಿಗೆ ಅಡ್ಡ ನಿಂತಿದ್ದೀರಲ್ಲ, ಸ್ವಲ್ಪ ಈ ಕಡೆ ಬನ್ನಿ” ಎಂಬುದು ಅವರ ಉತ್ತರ. ಈ ಕಡೆ ಬಂದು ನಿಲ್ಲುತ್ತೇನೆ. ಕಾರಿಗೆ ಪೆಟ್ರೋಲ್ ಹಾಕಿಸುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು ಆ ಗ್ಯಾರೇಜಿಗೆ ಮಾಡಿದ ಉಪಕಾರ ಅದೊಂದೇ.

ಕಾರು ಒಬ್ಬ ನರ್ಸಮ್ಮನದು. ಬೆಳಗಾದರೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಬರುವವರು. ನಿನ್ನೆಯ ಗಾಬರಿ ಅವರ ಮುಖದಲ್ಲಿ ಇನ್ನೂ ಇದೆ. “ಸರ್ವಿಸ್ ಆದಾಗಿಂದ ಗಾಡಿ ಸ್ವಲ್ಪ ಭಾರ ಅನ್ನಿಸ್ತಿತ್ತು ಅಕ್ಕ, ನನ್ನ ಭ್ರಮೆ ಅಂದ್ಕೊಂಡೆ. ನಿನ್ನೆ ಮೇಲ್ಸೇತುವೆ ಹತ್ತುವಾಗ ಆಕ್ಸಿಲರೇಟರ್ ಎಷ್ಟು ಒತ್ತಿದ್ರೂ ಮುಂದಕ್ಕೇ ಹೋಗಲ್ಲ! ಹಿಂದೆ ಲಾರಿ ಹಾರನ್ ಹೊಡೀತಾ ಬರ್ತಿದೆ. ಜೀವ ಬಾಯಿಗೆ ಬಂತು.”

ಇಲ್ಲಿ ಅಕ್ಕನ ಕಥೆ ಹೇಳಬೇಕು. ಮೊದಲು ಅವರು ಹೊಲಿಗೆ ಯಂತ್ರ ತುಳಿಯುತ್ತಿದ್ದವರು. ಗ್ಯಾರೇಜು ಗಂಡನದು, ಎಲ್ಲರ ಬಾಯಲ್ಲಿ ಅವರು ‘ಮೇಸ್ತ್ರಿ’. ಒಮ್ಮೆ ಮೇಸ್ತ್ರಿಯ ಕೈ ಮುರಿಯಿತು. ಸ್ಟೂಲಿನ ಮೇಲೆ ಕೂತು ಅವರು ಹೇಳುತ್ತಾ ಹೋದರು, ಅಕ್ಕ ಬಿಚ್ಚುತ್ತಾ ಹೋದರು. “ಒಂದು ಬೋಲ್ಟ್ ಬಿಚ್ಚೋಕೆ ಬೆಳಗ್ಗೆ ಪೂರ್ತಿ ಒದ್ದಾಡಿದೀನಿ. ಇವರು ಒಂದು ಮಾತು ಬೈಲಿಲ್ಲ ನೋಡಿ, ಅದಕ್ಕೇ ಕಲಿತೆ” ಎನ್ನುತ್ತಾರೆ ಅಕ್ಕ. ಕೈ ಕೂಡಿಕೊಂಡರೂ ಅಕ್ಕ ಹೊಲಿಗೆಗೆ ಮರಳಲಿಲ್ಲ. ಈಗ ದಿನಕ್ಕೆ ನಾಲ್ಕೈದು ಗಾಡಿ ಇಬ್ಬರ ಕೈಯಲ್ಲಿ ಹಾದುಹೋಗುತ್ತವೆ.

ಆದರೆ ಮೇಸ್ತ್ರಿಗೆ ಈಚೆಗೆ ಮರೆವು ಶುರುವಾಗಿದೆ. ಬೇರೆ ಊರಲ್ಲಿರುವ ಮಗಳು ಫೋನ್ ಮಾಡಿದಾಗಲೆಲ್ಲ ಅಪ್ಪನನ್ನು ಮನೆಯಲ್ಲಿ ಕೂರಿಸು ಎಂದು ಹಟ ಹಿಡಿಯುತ್ತಾಳೆ. “ಮನೇಲಿದ್ರೆ ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ. ಇಲ್ಲಿಗೆ ಬಂದ್ರೆ ಹಾಡು ಗುನುಗ್ತಾರೆ” ಎಂದು ಅಕ್ಕ ನನ್ನ ಕಿವಿಯ ಹತ್ತಿರ ಪಿಸುಗುಡುತ್ತಾರೆ. “ಆದ್ರೆ ಇವರ ಕೈಯಿಂದ ಯಾರಿಗಾದ್ರೂ ತೊಂದ್ರೆ ಆಗೋ ಒಂದೇ ಒಂದು ತಪ್ಪಾದ್ರೂ ಇವರನ್ನ ಇಲ್ಲಿಗೆ ಕರ್ಕೊಂಡು ಬರೋದು ನಿಲ್ಲಿಸ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದೀನಿ.”

ಕೆಲಸ ಶುರು. ಪೆಟ್ರೋಲ್ ಸರಿಯಾಗಿ ಬರುತ್ತಿದೆಯೇ ನೋಡುತ್ತಾರೆ, ಬರುತ್ತಿದೆ. ಪ್ಲಗ್ಗುಗಳು ಚೆನ್ನಾಗಿವೆ. ಸೈಲೆನ್ಸರಿನ ಹಿಂದೆ ಅಂಗೈ ಹಿಡಿಯುತ್ತಾರೆ. ಹೊಗೆ ಸರಾಗವಾಗಿ ಹೊರಬರುತ್ತಿದೆ. ಉಳಿದದ್ದು ಎಂಜಿನ್ನಿಗೆ ಗಾಳಿ ಹೋಗುವ ದಾರಿ. “ರೀ, ಸೀಟಲ್ಲಿ ಕೂತು ಸ್ವಲ್ಪ ರೇಸ್ ಮಾಡಿ.” ಮೇಸ್ತ್ರಿ ಆಕ್ಸಿಲರೇಟರ್ ಒತ್ತುತ್ತಾರೆ. ಅಕ್ಕನ ಅಂಗೈ ಕೆಳಗೆ ದಪ್ಪ ರಬ್ಬರ್ ಪೈಪು ಒಳಕ್ಕೆ ಕುಗ್ಗುತ್ತದೆ. ಕಾಲು ತೆಗೆದರೆ ಮತ್ತೆ ಮೊದಲಿನಂತೆ ಉಬ್ಬುತ್ತದೆ. “ಸುಮ್ನೆ ನಿಂತಾಗ ಗಾಡಿಗೆ ಒಂಚೂರು ಗಾಳಿ ಸಾಕು. ಓಡೋಕೆ ತುಂಬ ಬೇಕು. ಮಧ್ಯದಲ್ಲಿ ಏನೋ ಕೂತಿದೆ” ಎಂದು ನನಗೆ ಬಿಡಿಸಿ ಹೇಳಿ, ಎಂಜಿನ್ ಆರಿಸಲು ಹೇಳಿ ಪೈಪು ಬಿಚ್ಚುತ್ತಾರೆ. ಎರಡು ಬೆರಳು ಹಾಕಿ ಎಳೆದರೆ ಹೊರಬರುವುದು ಒಂದು ಬಟ್ಟೆ. ಎಣ್ಣೆ ಹತ್ತಿದ್ದರೂ ಹಳದಿ ಹೂಗಳು ಕಾಣುತ್ತವೆ. “ನನ್ನ ಮಗಳ ಹಳೇ ಫ್ರಾಕಿನ ತುಂಡು!” ಎನ್ನುತ್ತಾರೆ ಅಕ್ಕ.

ಈ ಗ್ಯಾರೇಜಿನ ರೂಢಿ ಅದು. ಗಾಳಿ ಪೈಪು ಬಿಚ್ಚಿದಾಗ ಒಳಗೆ ನಟ್ಟು ಬೀಳಬಾರದೆಂದು ಬಾಯಿಗೆ ಬಟ್ಟೆ ತುರುಕುತ್ತಾರೆ, ಮುಚ್ಚುವ ಮುಂಚೆ ತೆಗೆಯುತ್ತಾರೆ. ನರ್ಸಮ್ಮನ ಕಾರಿನ ಸರ್ವಿಸ್ ಇಲ್ಲೇ ಆಗಿತ್ತು, ಮಾಡಿದವರು ಮೇಸ್ತ್ರಿ.

ಅಕ್ಕ ಬಟ್ಟೆಯನ್ನು ನರ್ಸಮ್ಮನ ಮುಂದೆ ಹಿಡಿದು, “ಸಿಸ್ಟರ್, ಇದು ನಮ್ಮ ಬಟ್ಟೆ. ತಪ್ಪು ನಮ್ದೇ” ಎನ್ನುತ್ತಾರೆ.

ಕಾರಿನಿಂದ ಇಳಿದ ಮೇಸ್ತ್ರಿಯ ಮುಖ ಸಣ್ಣಗಾಗಿದೆ. “ನಮ್ದಲ್ಲಮ್ಮ. ನಂದು. ಇನ್ನು ಮುಟ್ಟಲ್ಲ” ಎಂದು ಕೈಯೊರೆಸಿಕೊಂಡು ಹೊರಟೇಬಿಡುತ್ತಾರೆ.

ನರ್ಸಮ್ಮ ದಾರಿಗೆ ಅಡ್ಡ ನಿಲ್ಲುತ್ತಾರೆ. ರೇಗುತ್ತಾರೇನೋ ಅಂದುಕೊಂಡೆ, ರೇಗಿದರು ಕೂಡ. “ಜೀವ ಹೋಗ್ತಿತ್ತು ನಂದು! ಬಟ್ಟೆ ಎಣಿಸೋದಿಲ್ವಾ ನೀವು?” ಆಮೇಲೆ ಮೇಸ್ತ್ರಿಯ ಮುಖ ನೋಡಿ ದನಿ ತಗ್ಗಿಸುತ್ತಾರೆ. “ಆಸ್ಪತ್ರೇಲಿ ಹೊಟ್ಟೆ ಹೊಲಿಯೋಕೆ ಮುಂಚೆ ನಾವು ಒಳಗಿಟ್ಟ ಬಟ್ಟೆ ಎಣಿಸ್ತೀವಿ. ಒಬ್ಬರಲ್ಲ, ಇಬ್ಬರು, ಗಟ್ಟಿಯಾಗಿ. ಎಂಥಾ ದೊಡ್ಡ ಡಾಕ್ಟರಾದ್ರೂ ಒಬ್ಬರ ನೆನಪನ್ನೇ ನಂಬ್ಕೊಂಡು ಹೊಲಿಯೋ ಹಾಗಿಲ್ಲ. ಅದನ್ನ ಮಾಡಿ. ಬನ್ನಿ, ನನ್ನ ಗಾಡಿ ಮುಚ್ಚಿಕೊಡಿ.”

ಮೇಸ್ತ್ರಿ ಹೆಂಡತಿಯ ಕಡೆ ನೋಡುತ್ತಾರೆ. “ನೋಡ್ತಾ ನಿಂತ್ರೆ ಆಯ್ತಾ? ಎಣಿಸಿ” ಎಂದು ಅಕ್ಕ ಗದರುತ್ತಾರೆ, ಕಣ್ಣು ಮಾತ್ರ ತುಂಬಿದೆ. ಮೇಸ್ತ್ರಿ ಬಟ್ಟೆ ತುಂಡುಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ, ಅಕ್ಕ ಅದನ್ನೇ ಮತ್ತೆ ಎಣಿಸುತ್ತಾರೆ. ಬಾನೆಟ್ ಮುಚ್ಚುತ್ತದೆ. ನರ್ಸಮ್ಮನ ಕಾರು ಮೇಲ್ಸೇತುವೆಯ ಏರನ್ನು ಸಲೀಸಾಗಿ ಹತ್ತಿ ಮರೆಯಾಗುತ್ತದೆ.

ಅಕ್ಕ ಮಗಳಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳುತ್ತಾರೆ. ಸ್ಪೀಕರಿನಲ್ಲಿ ಮಗಳ ದನಿ ಕೇಳಿಸುತ್ತದೆ: “ಬರ್ಲಿ ಬಿಡು. ಆದ್ರೆ ಅಪ್ಪ ಒಬ್ಬರೇ ಯಾವತ್ತೂ ಮುಚ್ಚಬಾರದು. ಎರಡನೇ ಲೆಕ್ಕ ನಿಂದೇ ಆಗಿರ್ಬೇಕು ಅಮ್ಮ.”

ಇನ್ನೇನು ಆಸೆ ನಿಮಗೆ ಎಂದು ಹೊರಡುವಾಗ ಕೇಳುತ್ತೇನೆ. ಅಕ್ಕ ಆಗಲೇ ಮುಂದಿನ ಗಾಡಿಯ ಕೆಳಗೆ ಮಲಗಿದ್ದಾರೆ. ಮಾತು ಅಲ್ಲಿಂದಲೇ ಬರುತ್ತದೆ.

“ಹತ್ತನೇ ನಂಬರ್ ಸ್ಪ್ಯಾನರ್ ಕೇಳಿದ್ರೆ ಹನ್ನೆರಡರದ್ದೇ ಕೊಡ್ಲಿ, ಪರವಾಗಿಲ್ಲ. ಕೈ ಚಾಚಿದಾಗ ಕೊಡೋಕೆ ಇವರು ಇರ್ಲಿ.”