ಮೀನಿನ ಗಾಡಿಯ ವೈರು ಹುಡುಕುವ ಪದ್ದಣ್ಣ

ಬೆಳಗಿನ ಆರೂಕಾಲು. ಹೆಮ್ಮಾಡಿಯ ಹೆದ್ದಾರಿ ಬದಿಯ ತಗಡಿನ ಶೆಡ್ಡಿನೆದುರು ಮೀನಿನ ಗಾಡಿಯೊಂದು ಬಾನೆಟ್ ತೆರೆದು ನಿಂತಿದೆ. ಹಿಂದಿನ ಕ್ರೇಟುಗಳಿಂದ ಐಸಿನ ನೀರು ತೊಟ್ಟಿಕ್ಕುತ್ತಿದೆ. ಇಂಜಿನ್ನಿನ ಮೇಲೆ ಅರ್ಧ ಮೈ ಬಗ್ಗಿಸಿರುವ ಆಟೋ ಎಲೆಕ್ಟ್ರಿಶಿಯನ್ ಪದ್ಮನಾಭ ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದರಿಂದ ಸೊಂಟ ಒತ್ತಿಕೊಳ್ಳುತ್ತಾರೆ. ಚಾ ಇನ್ನೂ ಆಗಿಲ್ಲ. ದಿನ ಶುರುವಾಗುವ ಮೊದಲೇ ಮನುಷ್ಯ ದಣಿದಿದ್ದಾರೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

ಗಾಡಿ ವನಜ ಅವರದು. ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಎಂಟರೊಳಗೆ ಬ್ರಹ್ಮಾವರದ ಮಾರುಕಟ್ಟೆಗೆ ಮುಟ್ಟಿಸುವುದು ಅವರ ಹದಿನಾಲ್ಕು ವರ್ಷದ ಕೆಲಸ. ಓಡಿಸುವುದೂ ಅವರೇ. ವಾರದಿಂದ ಗಾಡಿ ಆಗಾಗ ಕಪ್ಪು ಹೊಗೆ ಕಾರುತ್ತದೆ, ಏರು ಸಿಕ್ಕರೆ ಎಳೆಯುವುದಿಲ್ಲ, ಸ್ಟೇರಿಂಗ್ ಎದುರು ಹಳದಿ ದೀಪ ಉರಿಯುತ್ತದೆ. ಮೊನ್ನೆ, ನಿನ್ನೆ ಎರಡೂ ದಿನ ತಡವಾಯಿತು. ಇನ್ನೊಂದು ದಿನ ಹೀಗಾದರೆ ಬೇರೆ ಗಾಡಿಯವರಿಂದ ಮೀನು ತೆಗೆದುಕೊಳ್ಳುತ್ತೇವೆ ಎಂದು ಮಾರುಕಟ್ಟೆಯ ಹೆಂಗಸರು ಮುಖಕ್ಕೇ ಹೇಳಿಬಿಟ್ಟಿದ್ದಾರೆ.

"ಹ್ವಾಯ್ ಪದ್ದಣ್ಣ, ಇವತ್ತೂ ತಡ ಆರೆ ನನ್ ಕಥಿ ಮುಗ್ದಂಗೆ ಕಾಣಿ," ಎನ್ನುತ್ತಾರೆ ವನಜ.

"ತಡಿ ಮಾರಾಯ್ತಿ. ಗಡಿಬಿಡಿ ಮಾಡ್ರೆ ವೈರ್ ಕೈಗ್ ಸಿಕ್ಕುದಿಲ್ಲೆ."

ತೊಂದರೆ ಇರುವುದು ಇಜಿಆರ್ ವಾಲ್ವಿನ ಕಡೆ. ಇಂಜಿನ್ ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಪುಟ್ಟ ಬಾಗಿಲು ಅದು. ಬಾಗಿಲು ಎಷ್ಟು ತೆರೆದಿದೆ ಎಂಬ ಸುದ್ದಿ ತಂತಿಯಲ್ಲಿ ಗಾಡಿಯ ಕಂಪ್ಯೂಟರಿಗೆ ಹೋಗುತ್ತಿರಬೇಕು. ಸುದ್ದಿ ನಿಂತರೆ ಕಂಪ್ಯೂಟರ್ ಗಾಬರಿಯಾಗಿ, ದೋಷದ ಕೋಡ್ ಒಂದನ್ನು ಬರೆದಿಟ್ಟು, ಇಂಜಿನ್ನಿನ ಬಲವನ್ನೇ ಕುಗ್ಗಿಸುತ್ತದೆ. ದೊಡ್ಡ ಗ್ಯಾರೇಜೊಂದರಲ್ಲಿ ವಾಲ್ವೇ ಹೋಗಿದೆ, ಹೊಸದು ಬರಲು ನಾಲ್ಕು ದಿನ ಬೇಕು ಎಂದರಂತೆ. ಈ ಮಾತನ್ನು ಕೇಳಿ ಕೇಳಿ ಪದ್ದಣ್ಣ ಸುಸ್ತಾಗಿದ್ದಾರೆ.

"ಮಿಷನ್ ಹಾಕ್ರ್, ಕೋಡ್ ಬಂತ್, ವಾಲ್ವ್ ಹೋಯ್ತ್ ಅಂದ್ರ್. ಕೋಡ್ ಹೇಳೂದ್ ಕಳ್ಳ ಯಾವ್ ಮನಿ ಹೊಕ್ಕಿದ್ದ ಅಂತ ಮಾತ್ರ. ಯಾವ್ ಕೋಣಿಯಂಗಿದ್ದ ಅಂದೇಳಿ ನಾವೇ ಹುಡ್ಕ್ಬೇಕಲ್ದಾ?"

ಪದ್ದಣ್ಣನಿಗೆ ಐವತ್ತೇಳು. ಊರು ಹಟ್ಟಿಯಂಗಡಿ. ಹದಿನಾರಕ್ಕೇ ಮುಂಬೈ ಹೋಟೆಲಿಗೆ ಹೋಗಿ, ಲೋಟ ತೊಳೆದು ಬೇಸತ್ತು, ಹೋಟೆಲಿನ ಹಿಂದಿದ್ದ ಟ್ಯಾಕ್ಸಿ ಗ್ಯಾರೇಜಿನಲ್ಲಿ ವೈರಿಂಗ್ ಕಲಿತರು. ಈ ಶೆಡ್ಡಿಗೀಗ ಮೂವತ್ತೊಂದು ವರ್ಷ. ದಿನಕ್ಕೆ ಎಂಟು ಹತ್ತು ಗಾಡಿ, ಮಳೆಗಾಲದಲ್ಲಿ ಹದಿನೈದು. ಬೈಂದೂರಿನಿಂದಲೂ ಫೋನು, ಬ್ರಹ್ಮಾವರದಿಂದಲೂ ಫೋನು. ಕನ್ನಡಕದ ನಂಬರ್ ಏರುತ್ತಲೇ ಇದೆ, ಹೊಸ ಗಾಡಿಗಳ ತಂತಿ ತೆಳ್ಳಗಾಗುತ್ತಲೇ ಇದೆ. ಬೆಸುಗೆಯ ಬಿಸಿ ತಿಂದ ಬೆರಳುಗಳಿಗೆ ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ.

"ನಿಲ್ಸಿ ಅಂದೇಳಿ ಹೆಂಡ್ತಿ ಸುಗುಣ ದಿನಾ ಹೇಳ್ತಳ್. ನಂಗೂ ಸಾಕಾಯ್ತ್. ಆರೆ ಬೆಳಿಗ್ಗೆ ಗಾಡಿ ಬಂದ್ ನಿಂತ್ರೆ ಎಂತ ಮಾಡೂದ್, ಬಾಗ್ಲ್ ಹಾಕುಕ್ ಆತಿಲ್ಲೆ."

ವಾಲ್ವಿನ ಪ್ಲಗ್ ಬಿಚ್ಚಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿಸಿ, ಮೀಟರ್ ಹಚ್ಚುತ್ತಾರೆ. ಐದು ವೋಲ್ಟ್ ಬರಬೇಕಾದಲ್ಲಿ ಐದೇ ಬರುತ್ತಿದೆ. ಅನೇಕರು ಇಲ್ಲಿಗೇ ನಿಲ್ಲಿಸಿ, ತಂತಿ ಸರಿ ಇದೆ, ವಾಲ್ವೇ ಕೆಟ್ಟಿದೆ ಎಂದುಬಿಡುತ್ತಾರೆ. ಪದ್ದಣ್ಣ ನಿಲ್ಲಿಸುವುದಿಲ್ಲ. ಮೀಟರನ್ನು ವನಜ ಅವರ ಕೈಗೆ ಕೊಟ್ಟು ಓದುತ್ತಿರಲು ಹೇಳಿ, ತಂತಿಗಳ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾ ಹೋಗುತ್ತಾರೆ. ಹೊಂಡ ಬಿದ್ದ ರಸ್ತೆಯ ಕುಲುಕಾಟವನ್ನು ನಿಂತ ಗಾಡಿಗೆ ಕೈಯಿಂದಲೇ ಕೊಡುವ ಕೆಲಸ ಇದು.

"ಐದ್... ಐದ್... ಐದೇ ಇತ್ತ್..." ಕೈ ಇಂಜಿನ್ನಿನ ಹಿಂಬದಿಯ ತಿರುವಿಗೆ ಬಂದಾಗ ವನಜ ಕೂಗುತ್ತಾರೆ: "ಸೊನ್ನೆ! ಹ್ವಾಯ್, ಸೊನ್ನೆ ಆಯ್ತ್!"

ಟೇಪು ಬಿಚ್ಚಿದರೆ ಪ್ಲಾಸ್ಟಿಕ್ ಸಿಪ್ಪೆಯನ್ನು ಇಲಿ ಕಡಿದಿದೆ. ಒಳಗಿನ ತಾಮ್ರ ಹಸಿರುಗಟ್ಟಿ, ಒಂದೇ ಒಂದು ಎಳೆ ಉಳಿದಿದೆ. ಪದ್ದಣ್ಣ ಬೆರಳು ಮೂಸುತ್ತಾರೆ. ತೆಂಗಿನೆಣ್ಣೆ.

"ವೈರಿಗ್ ಎಣ್ಣಿ ಹಚ್ಚಿದ್ಯಾ?"

"ಹಚ್ಚದೆ? ಮೀನಿನ್ ಉಪ್ಪುನೀರಿಗ್ ತುಕ್ಕ್ ಹಿಡಿತ್ತಲ್ದಾ, ವಾರಕ್ಕೊಂದ್ಸಲ ಹಚ್ತೆ. ಬಂದರಂಗೆ ಎಲ್ಲರೂ ಹಚ್ತ್ರ್."

ಎಣ್ಣೆಯ ವಾಸನೆಗೆ ಇಲಿ ಬರುತ್ತದೆ, ತೆಳ್ಳನೆಯ ತಂತಿಯನ್ನು ಕಡಿಯುತ್ತದೆ. ಈ ವರ್ಷ ಇದು ಆರನೆಯ ಗಾಡಿ. ಹಿಂದಿನ ಐವರಿಗೆ ಪದ್ದಣ್ಣ ಇಲಿ ಕಚ್ಚಿದೆ ಎಂದಷ್ಟೇ ಹೇಳಿ, ತಂತಿ ಜೋಡಿಸಿ ಕಳಿಸಿದ್ದರು. ಎಣ್ಣೆಯ ಮಾತು ಎತ್ತಿರಲಿಲ್ಲ. ಎತ್ತಲು ನಾಚಿಕೆಯಾಗಿತ್ತು.

"ಈ ಎಣ್ಣಿ ಕಥಿ ಸುರು ಮಾಡದ್ದೇ ನಾನ್, ವನಜ," ಎನ್ನುತ್ತಾರೆ ಈಗ, ತಲೆ ಎತ್ತದೆ. "ಅಂಗ್ಡಿ ಹಾಕ್ದ್ ವರ್ಷ ಬಂದರಿಗ್ ಹೋಯಿ, ಬ್ಯಾಟ್ರಿ ಟರ್ಮಿನಲ್ಲಿಗೆ, ವೈರಿಗೆ ಎಣ್ಣಿ ಹಚ್ಚಿ ಅಂದೇಳಿ ಎಲ್ಲರಿಗೂ ಹೇಳಿದ್ದೆ. ಆಗಿನ್ ವೈರ್ ದಪ್ಪ, ಎಂತ ಆತಿರ್ಲಿಲ್ಲೆ. ಈಗಿಂದ್ ನೂಲಿನಂಗಿತ್ತ್, ಎಣ್ಣಿ ವಾಸ್ನಿಗ್ ಇಲಿ ಬಂದ್ ಕಡಿತ್ತ್. ಈ ವರ್ಷ ಇದ್ ಆರ್ನೇ ಗಾಡಿ."

ವನಜ ರೇಗುತ್ತಾರೆ. "ಗೊತ್ತಿದ್ದೂ ಬಾಯ್ ಮುಚ್ಕಂಡ್ ಕೂಕಂಡಿದ್ರ್ಯಾ? ಒಂದ್ ವಾರ ನನ್ ಜೀವ ಹೋಯ್ತಲ್ಲ!"

ಪದ್ದಣ್ಣ ಕೆಟ್ಟ ಭಾಗ ಕತ್ತರಿಸಿ, ಹೊಸ ತುಂಡು ಬೆಸೆದು, ಮೇಲೆ ರಬ್ಬರ್ ಕೊಳವೆ ಏರಿಸಿ ಬಿಸಿ ಮಾಡಿ ಬಿಗಿಗೊಳಿಸುತ್ತಾರೆ. ಎಣ್ಣೆಯನ್ನೆಲ್ಲ ಸ್ಪ್ರೇ ಹೊಡೆದು ಒರೆಸುತ್ತಾರೆ. ಮತ್ತೆ ಅಲ್ಲಾಡಿಸಿದರೆ ಮೀಟರ್ ಐದರಿಂದ ಕದಲುವುದಿಲ್ಲ. ಪ್ಲಗ್ ಹಾಕಿ, ಕೋಡ್ ಅಳಿಸಿ, ಗಾಡಿ ಸ್ಟಾರ್ಟ್ ಮಾಡಿಸುತ್ತಾರೆ. ಹಳದಿ ದೀಪ ಇಲ್ಲ. ಏಳಕ್ಕೆ ಐದು ನಿಮಿಷ ಇರುವಾಗ ವನಜ ಗಾಡಿಯ ಬಾಗಿಲು ದಡಕ್ಕನೆ ಎಳೆದುಕೊಂಡು ಹೊರಡುತ್ತಾರೆ.

ಏಳೂಮುಕ್ಕಾಲಿಗೆ ಫೋನು ಬರುತ್ತದೆ. "ಮುಟ್ದೆ ಪದ್ದಣ್ಣ. ಗಾಡಿ ಲಾಯ್ಕ್ ಎಳಿತ್ತ್. ಎಣ್ಣಿ ಹಚ್ಬೇಡಿ ಅಂದೇಳಿ ಬಂದರಂಗೆ ನಾನೇ ಹೇಳ್ತೆ, ನೀವ್ ಬಪ್ಪುದ್ ಬ್ಯಾಡ."

"ಬ್ಯಾಡ ಮಾರಾಯ್ತಿ. ನಾಳೆ ಬೆಳಿಗ್ಗೆ ನಾನೇ ಬತ್ತೆ. ಹಚ್ಚಿ ಅಂದದ್ದ್ ನಾನ್, ಬ್ಯಾಡ ಅಂಬುಕೂ ನಾನೇ ಬರ್ಕ್."

ಫೋನಿಟ್ಟು ಹಳೆಯ ಟಯರಿನ ಮೇಲೆ ಕುಳಿತುಕೊಳ್ಳುತ್ತಾರೆ. ಸುಗುಣ ತುಂಬಿಸಿಕೊಟ್ಟ ಫ್ಲಾಸ್ಕಿನಿಂದ ಈಗ ಚಾ ಬಗ್ಗಿಸಿಕೊಳ್ಳುತ್ತಾರೆ. ಬೈಂದೂರು ಕಡೆಯ ಟೆಂಪೊ ಒಂದು ಆಗಲೇ ಬಂದು ಹಾರ್ನ್ ಹೊಡೆಯುತ್ತಿದೆ.

"ಪದ್ದು ಹೇಳಿದ್ದ ಅಂದೇಳಿ ಬಂದರಿನವ್ರ್ ಮೂವತ್ತ್ ವರ್ಷ ಎಣ್ಣಿ ಹಚ್ಚಿದ್ರಲ್ಲ," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ ಸೊಂಟ ಹಿಡಿದು ಏಳುತ್ತಾರೆ. "ಪದ್ದು ಹೇಳಿದ್ದ ಅಂದೇಳಿ ನಿಲ್ಸಿದ್ರೆ, ನಂಗ್ ಅಷ್ಟೇ ಸಾಕ್."